ಸೋಮವಾರದ ರೆಕಾರ್ಡು

ಬೀಡು ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಇದು ನನಗೆ ಗೊತ್ತಾಗಿದ್ದು ಈಗ, ಎಪ್ಪತ್ತಾರನೇ ವಯಸ್ಸಿನಲ್ಲಿ, ದೊಡ್ಡಬಳ್ಳಾಪುರದ ನಮ್ಮ ಮನೆ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಾಗ. ಗುಜರಿಯವರು ಮೂರು ಜನ ಬಂದಿದ್ದರು. ನನ್ನ ಗಂಡನ ಕಾಲದ ಎಂಟು ಪವರ್‌ಲೂಮ್ ಮಗ್ಗಗಳನ್ನು ಸುತ್ತಿಗೆಯಿಂದ ಒಡೆದು ಒಡೆದು ಲಾರಿಗೆ ತುಂಬುತ್ತಿದ್ದರು. ಒಂದೊಂದು ಏಟಿಗೂ ಚಕ್ರದ ಹಲ್ಲುಗಳು ಸಿಡಿದು ಸೀಬೆಮರದ ಬುಡಕ್ಕೆ ಬೀಳುತ್ತಿದ್ದವು. "ಅಮ್ಮಾ, ಒಳಗ್ಹೋಗು, ಕಣ್ಣಿಗೆ ಬಿದ್ರೆ ಏನ್ ಗತಿ" ಅಂದಳು ಮಗಳು. ನಾನು ಏಳಲಿಲ್ಲ. ಟು ಬಿ ಆನೆಸ್ಟ್, ಆ ಸದ್ದು ನನಗೆ ಇಷ್ಟವಾಗುತ್ತಿತ್ತು.

ಎರಡು ವಾರದಲ್ಲಿ ಮೊಮ್ಮಗಳ ಎಂಗೇಜ್ಮೆಂಟ್. ಮಗ್ಗದ ಶೆಡ್ ತೆಗೆದರೆ ಊಟದ ಶಾಮಿಯಾನಕ್ಕೆ ಜಾಗವಾಗುತ್ತೆ ಅಂತ ಮಗಳ ಲೆಕ್ಕ. ಅವಳ ಅಪ್ಪ ಹೋಗಿ ನಾಲ್ಕು ವರ್ಷ ಆಗಿತ್ತು. ಶೆಡ್ಡಿನ ಅಟ್ಟ ಖಾಲಿ ಮಾಡೋಕೆ ಏಣಿ ಹತ್ತಿದವಳು ಮೇಲಿಂದಲೇ ಕಿರುಚಿದಳು.

"ಅಮ್ಮಾ! ಅಪ್ಪನ ರೆಕಾರ್ಡ್ಸ್! ಟ್ರಂಕಲ್ಲಿ ಎಲ್ಲಾ ಇದ್ದಾವೆ ಕಣಮ್ಮಾ!"

ಅಪ್ಪನವಲ್ಲ. ನನ್ನವು. ಮದುವೆಯಲ್ಲಿ ನನ್ನ ತಂದೆ ಕೊಟ್ಟಿದ್ದು. ಬೆಂಗಳೂರು ಕಂಟೋನ್ಮೆಂಟಿನ ಕಾನ್ವೆಂಟಲ್ಲಿ ನಾನು ಪಿಯಾನೋ ಕಲಿತಿದ್ದೆ. ಮನೆಯಲ್ಲಿ ಊಟದ ಟೇಬಲ್ ಮೇಲೆ ಬೆರಳಾಡಿಸುತ್ತಿದ್ದುದನ್ನು ನೋಡಿ ತಂದೆಗೆ ಕರುಳು ಚುರ್ ಅನ್ನುತ್ತಿತ್ತೇನೋ, ಪಿಯಾನೋ ಕೊಡಿಸುವ ಶಕ್ತಿ ಇಲ್ಲದೆ ಮರದ ಪೆಟ್ಟಿಗೆಯ ಒಂದು ರೆಕಾರ್ಡ್ ಪ್ಲೇಯರ್ ಕೊಡಿಸಿದರು. ಜೊತೆಗೆ ಹನ್ನೊಂದು ಎಲ್‌ಪಿ. ವೀಣೆ, ಪಿಯಾನೋ, ಸಿನಿಮಾ ಹಾಡು, ಒಂದು ನಾದಸ್ವರ. "ಮಂಗಳವಾದ್ಯ ಇರಲಿ ಪುಟ್ಟಾ" ಅಂದಿದ್ದರು ಕೊನೆಯದನ್ನು ಕೊಡುವಾಗ.

ಮಗಳು ಕೆಳಗಿಳಿದು ಬಂದು ಆ ನಾದಸ್ವರದ ರೆಕಾರ್ಡನ್ನೇ ಎದೆಗೆ ಅವುಚಿಕೊಂಡು ನಿಂತಳು. ಐವತ್ತು ವರ್ಷದ ಹೆಂಗಸು, ಹೈಸ್ಕೂಲ್ ಹೆಡ್‌ಮಿಸ್ಟ್ರೆಸ್, ಕೂದಲಲ್ಲಿ ಜೇಡರ ಬಲೆ. ಆ ಕ್ಷಣಕ್ಕೆ ಆರು ವರ್ಷದವಳಾಗಿದ್ದಳು.

"ಎಂಗೇಜ್ಮೆಂಟಿಗೆ ಇದೇ ಹಾಕ್ಸೋದು. ಸ್ಪೀಕರ್ ಗೀಕರ್ ಬೇಡ. ಅಪ್ಪ ಸೋಮವಾರ ಸೋಮವಾರ ಹಾಕ್ತಿದ್ರಲ್ಲ, ಅದೇ. ತಾತನ ಆಶೀರ್ವಾದ ಇದ್ದಂಗಿರುತ್ತೆ." ಅಂದವಳೇ ಆ ರಾಗವನ್ನು ಗುನುಗತೊಡಗಿದಳು. ಮೇಲೆ ಮೇಲೆ ಹತ್ತಿಕೊಂಡು ಹೋಗುವ ರಾಗ. ಒಂದು ಕಡೆ, ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಮಗಳ ಗಂಟಲು ಠಪ್ ಅಂತ ಮುಂದಕ್ಕೆ ಹಾರಿತು. ಆ ಹಾರುವಿಕೆ ರಾಗದಲ್ಲಿ ಇಲ್ಲ. ರೆಕಾರ್ಡಿನ ಗೀರಿನಲ್ಲಿದೆ. ಅವಳು ಗೀರಿನ ಸಮೇತ ಹಾಡು ಕಲಿತಿದ್ದಳು.

ಗುಜರಿಯವನು ಇನ್ನೊಂದು ಏಟು ಹಾಕಿದ. ನಾನು ಒಳಗೆ ಹೋದೆ.

ನಮ್ಮ ಬೀದಿಯವರಿಗೆ ಒಂದು ಅಭ್ಯಾಸವಿತ್ತು. ಸದ್ದಿಗೆ ನಿದ್ದೆ ಬರುತ್ತಿತ್ತು, ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಮನೆಮನೆಯ ಹಿಂದೆ ಮಗ್ಗ, ಖಟಪಟ ಖಟಪಟ. ಥಟ್ಟನೆ ನಿಶ್ಶಬ್ದವಾದರೆ ಕೂಸು ಕೂಡ ಹೇಳುತ್ತಿತ್ತು, "ಕರೆಂಟ್ ಹೋಯ್ತು." ಹೊಸದಾಗಿ ಬಂದಾಗ ನನಗೆ ತಲೆ ಸಿಡಿದುಹೋಗುತ್ತಿತ್ತು. ಆಮೇಲೆ ಆ ಗದ್ದಲದ ಇನ್ನೊಂದು ಉಪಯೋಗ ಗೊತ್ತಾಯಿತು. ಮಗ್ಗ ಓಡುತ್ತಿರುವಾಗ ಮನೆಯೊಳಗೆ ಹೆಂಗಸೊಬ್ಬಳು ಎಷ್ಟು ಕೂಗಿಕೊಂಡರೂ ಪಕ್ಕದ ಮನೆಗೆ ಕೇಳುವುದಿಲ್ಲ.

ನನ್ನ ಗಂಡ ಮೊದಲನೇ ಸಲ ಹೊಡೆದಿದ್ದು ನೂಲಿನ ಏಜೆಂಟಿಗೆ ನಾನು "ಥ್ಯಾಂಕ್ ಯೂ" ಅಂದಿದ್ದಕ್ಕೆ. ಎರಡೇ ಪದ. ನಾಲ್ಕು ಜನರೆದುರು ಇಂಗ್ಲಿಷ್ ಆಡಿ ತನ್ನನ್ನು ಸಣ್ಣವನು ಮಾಡಿದೆ ಅಂತ. ಕೈಯಲ್ಲಿ ಶುರುವಾಗಿ ಬೆಲ್ಟಿಗೆ ಬಂತು. ನಾನು ಅಡುಗೆಮನೆಯ ಒರಳುಕಲ್ಲಿನ ಹಿಂದೆ ಮುದುರಿಕೊಂಡಿದ್ದೆ. ಶೆಡ್ಡಿನಲ್ಲಿ ಎಂಟು ಮಗ್ಗ ಹಾಡುತ್ತಿದ್ದವು.

ನಮ್ಮ ಬೀದಿಯಲ್ಲಿ ಸೋಮವಾರ ಮಗ್ಗಕ್ಕೆ ರಜೆ. ಆ ದಿನ ಚಮಚ ಬಿದ್ದರೂ ಮೂರನೇ ಮನೆಗೆ ಕೇಳುತ್ತಿತ್ತು. ನನ್ನ ಗಂಡ ಮರ್ಯಾದಸ್ಥರು, ಬೀದಿಗೆ ಸದ್ದು ಹೋಗಬಾರದು. ಅದಕ್ಕೇ ರೆಕಾರ್ಡು.

ಒಂದು ಸಲ ಸಿನಿಮಾ ಹಾಡು ಹಾಕಿ ನೋಡಿದರು. ಅದರಲ್ಲಿ ಒಂದು ತೊಂದರೆ ಇದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎರಡು ಸೆಕೆಂಡ್ ಖಾಲಿ. ಆ ಎರಡು ಸೆಕೆಂಡಿನಲ್ಲಿ ನನ್ನ ಕೂಗು ಬೀದಿಗೆ ಹೋಯಿತು. ಎದುರುಮನೆಯಾಕೆ ಬಂದು "ಏನ್ರೀ, ಏನಾಯ್ತು?" ಅಂತ ಬಾಗಿಲು ತಟ್ಟಿದರು. ಜಾರಿ ಬಿದ್ದಳು ಅಂತ ಹೇಳಿ ಕಳಿಸಿದ್ದಾಯಿತು. ಆಮೇಲೆ ನನ್ನ ಗಂಡ ಎಲ್ಲ ಕವರುಗಳನ್ನೂ ತಿರುವಿ ನೋಡಿ ನಾದಸ್ವರ ಆರಿಸಿಕೊಂಡರು. ಅದರ ಮೊದಲನೇ ಬದಿಯಲ್ಲಿ ಒಂದೇ ಕೃತಿ, ಡೋಲಿನ ಸಮೇತ, ನಡುವೆ ಎಲ್ಲೂ ಖಾಲಿ ಇಲ್ಲ. ಇಪ್ಪತ್ತು ನಿಮಿಷ.

ರೆಕಾರ್ಡ್ ಹಿಡಿಯೋದನ್ನು ಅವರಿಗೆ ನಾನೇ ಹೇಳಿಕೊಟ್ಟಿದ್ದೆ, ಮದುವೆಯಾದ ಹೊಸದರಲ್ಲಿ. "ಬೆರಳು ತಾಗಬಾರದು, ಎರಡೂ ಅಂಗೈ ಮಧ್ಯೆ ಅಂಚು ಮಾತ್ರ ಹಿಡೀಬೇಕು, ಲೈಕ್ ದಿಸ್." ಕೊನೆಯವರೆಗೂ ಅದನ್ನು ಮರೆಯಲಿಲ್ಲ. ಪಂಚೆ ತುದಿಯಿಂದ ಧೂಳು ಒರೆಸಿ, ಎರಡು ಅಂಗೈ ನಡುವೆ ಹೂವಿನ ಹಾಗೆ ಹಿಡಿದು, ಸೂಜಿಯನ್ನು ಮೆಲ್ಲಗೆ ಇಳಿಸಿ, ಆಮೇಲೆ ಬಾಗಿಲ ಚಿಲಕ ಹಾಕಿ, ನನ್ನ ಕಡೆ ತಿರುಗುತ್ತಿದ್ದರು. ನನ್ನನ್ನು ಹಿಡಿಯುತ್ತಿದ್ದುದು ಜಡೆಯಲ್ಲಿ. ಕೃತಿ ಮುಗಿದು ಸೂಜಿ ಟಕ್, ಟಕ್ ಅನ್ನತೊಡಗಿದರೆ ಕೈ ನಿಲ್ಲುತ್ತಿತ್ತು. ರೆಕಾರ್ಡನ್ನು ಕವರಿಗೆ ಹಾಕಿ ಹೇಳುತ್ತಿದ್ದರು, "ಮುಖ ತೊಳ್ಕೊಂಡು ಕಾಫಿ ಮಾಡು."

ಹೊರಗೆ ಜಗಲಿಯಲ್ಲಿ ಅತ್ತೆ ನನ್ನ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ತಾಳ ಹಾಕುತ್ತಿದ್ದರು. ಎದುರುಮನೆಯಾಕೆಯ ಮಾತು ಕಿಟಕಿಯಿಂದ ನನಗೆ ಕೇಳುತ್ತಿತ್ತು.

"ನಿಮ್ದೇ ಬಿಡ್ರೀ ಪುಣ್ಯ. ಕಾನ್ವೆಂಟ್ ಸೊಸೆ, ಸೋಮ್ವಾರ ಸೋಮ್ವಾರ ಕಛೇರಿ. ನಮ್ಮನೇವ್ರು ಇದ್ದಾರೆ, ಸೋಮ್ವಾರ ಗೊರಕೆ ಬಿಟ್ರೆ ಇನ್ನೊಂದ್ ರಾಗ ಗೊತ್ತಿಲ್ಲ."

"ನಮ್ ಹುಡುಗಂಗೆ ಸಂಗೀತ ಅಂದ್ರೆ ಪ್ರಾಣ ಕಣಮ್ಮಾ" ಅನ್ನುತ್ತಿದ್ದರು ಅತ್ತೆ.

ಕರೆಂಟ್ ಹೋದ ದಿನ ಮಗ್ಗವೂ ಇಲ್ಲ, ರೆಕಾರ್ಡೂ ಇಲ್ಲ, ಏಟೂ ಇಲ್ಲ. ಊರಿಗೆ ಊರೇ ಕರೆಂಟಿನವರಿಗೆ ಶಾಪ ಹಾಕುತ್ತಿದ್ದರೆ ನಾನೊಬ್ಬಳು ದೇವರಮನೆಯಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೆ.

ಇದೊಂದೂ ನನ್ನ ಮಗಳಿಗೆ ಗೊತ್ತಿಲ್ಲ. ಗೊತ್ತಾಗಬಾರದು ಅಂತ ನಾನೇ ನೋಡಿಕೊಂಡಿದ್ದೆ. ಕಾನ್ವೆಂಟಲ್ಲಿ ಕಲಿಸಿದ್ದು ಅದೇ ತಾನೆ, ಚಿನ್ ಅಪ್, ಗರ್ಲ್ಸ್, ಬೇರೆಯವರೆದುರು ಅಳಬಾರದು. ಈಗ ಮೊಮ್ಮಗಳು ಹಸೆಮಣೆ ಮೇಲೆ ಕೂತಾಗ ಅದೇ ಬದಿ ಮೊಳಗಬೇಕಂತೆ. ಇಪ್ಪತ್ತು ನಿಮಿಷ, ನಡುವೆ ಖಾಲಿ ಇಲ್ಲದೆ. ಮಗಳಿಗೆ ಹೇಳಬೇಕು, ಇಲ್ಲವೇ ಆ ದಿನ, ಇದೆಲ್ಲ ನಡೆದ ನಮ್ಮ ಮನೆಯ ಹಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ನಗುತ್ತಾ ಕೂತಿರಬೇಕು. ಎರಡೂ ನನ್ನ ಕೈಲಿ ಆಗುವ ಹಾಗೆ ಕಾಣಲಿಲ್ಲ. ಹಳೇ ಪ್ಲೇಯರ್ ಎಂದೋ ಹೋಗಿತ್ತು, ಇನ್ನೊಂದು ಸಿಗದೇ ಹೋಗಲಿ ಅಂತ ಹರಕೆ ಹೊತ್ತೆ.

ಮಗಳು ಬಿಡುವವಳಲ್ಲ. ಮೊದಲು ದೇವನಹಳ್ಳಿ ಕಡೆ ಏರ್‌ಪೋರ್ಟ್ ರಸ್ತೆಯ ಒಂದು ಕೆಫೆಗೆ ಕರೆದುಕೊಂಡು ಹೋದಳು. ಅಲ್ಲಿ ಶೋಕೇಸಿನ ಮೇಲೆ ಚಂದದ ಟರ್ನ್‌ಟೇಬಲ್ ಇಟ್ಟಿದ್ದನ್ನು ಯಾವಾಗಲೋ ನೋಡಿದ್ದಳಂತೆ. ಹತ್ತಿರ ಹೋಗಿ ನೋಡಿದರೆ ಅದರ ಒಳಗೆ ಮಣ್ಣು ತುಂಬಿ ಮನಿಪ್ಲಾಂಟ್ ಬೆಳೆಸಿದ್ದರು. ವೇಟ್ರೆಸ್ ಹುಡುಗಿ "ಇಟ್ಸ್ ಜಸ್ಟ್ ಫಾರ್ ಆ್ಯಂಬಿಯೆನ್ಸ್ ಅಜ್ಜಿ" ಅಂದಳು. "ಸ್ವೀಟ್‌ಹಾರ್ಟ್, ನೀರಾದ್ರೂ ಹಾಕಮ್ಮಾ, ಒಣಗ್ತಿದೆ" ಅಂದೆ. ಅವತ್ತು ದಾರಿಯುದ್ದಕ್ಕೂ ನಾನು ಖುಷಿಯಾಗಿದ್ದೆ.

ಖುಷಿ ಮೂರು ದಿನ ಇತ್ತು. ಹೊಸಕೋಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬ ಸಾಹೇಬರಿದ್ದಾರೆ ಅಂತ ಯಾರೋ ಮಗಳಿಗೆ ಹೇಳಿದ್ದರು. ನನಗಿಂತ ಹಿರಿಯರು, ಬಿಳಿ ಗಡ್ಡ, ಕನ್ನಡಕದ ಒಂದು ಕಡ್ಡಿಗೆ ದಾರ. ಮಸೀದಿ ಹಿಂದಿನ ಬೀದಿಯಲ್ಲಿ ಬಾಗಿಲಷ್ಟೇ ಅಗಲದ ಅಂಗಡಿ. ಒಳಗೆ ಗೋಡೆ ತುಂಬ ಸತ್ತ ರೇಡಿಯೋಗಳು, ನಡುವೆ ಒಂದು ಟರ್ನ್‌ಟೇಬಲ್. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದದ್ದು. ನಾದಸ್ವರದ ರೆಕಾರ್ಡನ್ನು ಕವರಿಂದ ತೆಗೆದು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು.

"ಯೇ ಕ್ಯಾ ಹೈ ಅಮ್ಮಾ! ಈ ಸೈಡ್ ನೋಡಿ, ಬಜಾ ಬಜಾಕೆ ಬೂದಿ ಬಣ್ಣ ಬಂದ್ಬಿಟ್ಟಿದೆ. ಈ ಸೈಡ್ ನೋಡಿ. ಕರ್ರಗೆ ಫಳಫಳ, ಹೊಸಾ ದುಲ್ಹನ್ ಇದ್ದಂಗೆ. ಒಂದ್ಸಲಾನೂ ಸೂಜಿ ಮುಟ್ಟಿಲ್ಲ ಇದಕ್ಕೆ. ಐವತ್ತು ವರ್ಷದಿಂದ ರೆಕಾರ್ಡ್ ನೋಡ್ತಿದೀನಿ, ಹಿಂಗೆ ಕೇಳೋರ್ನ ನೋಡಿಲ್ಲ. ಯಾರಿಗೋ ಈ ಸೈಡ್ ಮೇಲೆ ಬಹುತ್ ಮೊಹಬ್ಬತ್."

"ನಮ್ಮಪ್ಪಂಗೆ" ಅಂದಳು ಮಗಳು, ಹೆಮ್ಮೆಯಿಂದ.

ನನ್ನ ಮೈ ಮೇಲಿನ ಬಾಸುಂಡೆಗಳೆಲ್ಲ ಎಂದೋ ಮಾಯವಾಗಿವೆ. ಯಾರಿಗಾದರೂ ತೋರಿಸೋಣ ಅಂದರೂ ಇಲ್ಲ. ಅವೆಲ್ಲ ಆ ಬೂದು ಬದಿಯ ಮೇಲೆ ಹಾಗೇ ಉಳಿದಿದ್ದವು, ಒಂದೊಂದು ಸೋಮವಾರಕ್ಕೆ ಒಂದೊಂದು ಪದರ. ಒಬ್ಬ ಅಪರಿಚಿತರು ಬೆಳಕಿಗೆ ಹಿಡಿದು ಅದನ್ನು ಪ್ರೀತಿ ಅಂತ ಓದಿದರು.

ಸಾಹೇಬರು ಸೂಜಿ ಇಳಿಸಿದರು. ಮೊದಲು ಡೋಲು. ಧಡ್ ಧಡ್ ಧಡ್. ನನಗೆ ಗೊತ್ತಿಲ್ಲದೆ ನನ್ನ ಎರಡು ಕೈಯೂ ಮೇಲೆದ್ದು ತಲೆಯನ್ನು ಮುಚ್ಚಿಕೊಂಡವು. ಮೊಣಕೈ ಒಳಗೆ, ಗದ್ದ ಎದೆಗೆ. ಐವತ್ತು ವರ್ಷದ ಹಿಂದಿನ ಭಂಗಿ, ಒಂದು ಇಂಚೂ ತಪ್ಪಿಲ್ಲ.

ಥಟ್ಟನೆ ಸದ್ದು ನಿಂತಿತು. ಅವರು ಸೂಜಿ ಎತ್ತಿದ್ದರು.

"ಅಪ್ಪನ ನೆನಪಾಯ್ತಾ ಅಮ್ಮಾ?" ಅಂತ ಮಗಳು ಬೆನ್ನು ಸವರಿದಳು. ಹೂಂ ಅಂದೆ. ಸುಳ್ಳೇನಲ್ಲ.

"ಬೇಟಿ, ಎದುರುಗಡೆ ಅಂಗಡೀಲಿ ಅಮ್ಮಂಗೆ ಒಂದ್ ಸೋಡಾ ತಗೊಂಬಾ" ಅಂದರು ಸಾಹೇಬರು. ಅವಳು ಹೋದ ಮೇಲೆ ಕನ್ನಡಕ ತೆಗೆದು ಒರೆಸಿದರು. ನನ್ನ ಮುಖ ನೋಡದೆಯೇ ಹೇಳಿದರು, "ನಮ್ಮ ಆಪಾನೂ ಹಿಂಗೇ ಕೈ ಎತ್ತೋರು. ಯಾರಾದ್ರೂ ಬಾಗಿಲು ಜೋರಾಗಿ ಹಾಕಿದ್ರೆ ಸಾಕು." ಆಪಾ ಅಂದರೆ ಅವರ ಅಕ್ಕ. "ನೀವು ಹೂಂ ಅನ್ನಿ ಅಮ್ಮಾ. ಈ ಸೂಜಿ ತೆಗೆದು ಜೇಬಲ್ಲಿ ಹಾಕ್ಕೋತೀನಿ. ಖರಾಬ್ ಆಗಿದೆ, ಈಗ ಸಿಗಲ್ಲ ಅಂತೀನಿ. ಬಾತ್ ಖತಂ."

ಎಷ್ಟು ಸುಲಭ ಇತ್ತು! ಹೂಂ ಅನ್ನೋಕೆ ಬಾಯಿ ತೆರೆದೆ ಕೂಡ. ಆದರೆ ನಮ್ಮ ಮನೆಯಲ್ಲಿ ಆಗಲೇ ಸುಳ್ಳುಗಳು ಜಾಸ್ತಿಯಾಗಿದ್ದವು. ಜಾರಿ ಬಿದ್ದಳು, ಒಂದು. ಪ್ಲೇಯರ್ ಕೆಟ್ಟು ಗುಜರಿಗೆ ಹೋಯಿತು, ಎರಡು. ಅಪ್ಪನ ಬೆರಳು ಮಗ್ಗಕ್ಕೆ ಸಿಕ್ಕಿ ಸೊಟ್ಟಗಾಯಿತು, ಮೂರು. ಇನ್ನೊಂದನ್ನು ಹೊತ್ತುಕೊಂಡು ಹೋಗೋಕೆ ನನಗೆ ವಯಸ್ಸಾಗಿತ್ತು.

"ಬೇಡ ಸಾಹೇಬ್ರೇ. ಇರಲಿ ಬಿಡಿ" ಅಂದೆ.

ಮಾರನೇ ದಿನ ಮಧ್ಯಾಹ್ನ ಮಗಳು ಹಾಲಿನ ಕಿಟಕಿ ಪಕ್ಕದ ಮೂಲೆಯಲ್ಲೇ, ಹಿಂದೆ ಹಳೇ ಪ್ಲೇಯರ್ ಇದ್ದ ಜಾಗದಲ್ಲೇ, ಸಾಹೇಬರಿಂದ ತಂದ ಟರ್ನ್‌ಟೇಬಲ್ ಇಟ್ಟಳು. ಮನೆಯಲ್ಲಿ ನಾವಿಬ್ಬರೇ. ಸೂಜಿ ಇಳಿಸಿ ನನ್ನ ಕಾಲ ಬಳಿ ಬಂದು ಕೂತು ಗುನುಗತೊಡಗಿದಳು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ರಾಗ ಹತ್ತಿತು, ಹತ್ತಿತು, ಠಪ್ ಅಂತ ಹಾರಿತು. ಮಗಳು ಚಪ್ಪಾಳೆ ತಟ್ಟಿದಳು.

"ಇಲ್ಲೇ ಇಲ್ಲೇ! ನೋಡಿದ್ಯಾ, ನಾನು ಕರೆಕ್ಟಾಗಿ ಇಟ್ಕೊಂಡಿದೀನಿ. ಹೆಂಗಾಯ್ತಮ್ಮಾ ಈ ಗೀರು?"

"ಅದು ನನ್ನ ತಲೆ ಕಣೇ."

ಅವಳಿಗೆ ಅರ್ಥವಾಗಲಿಲ್ಲ. ಅವಳ ತೋರುಬೆರಳು ಹಿಡಿದು ನನ್ನ ಎಡಗಡೆ ಕಿವಿಯ ಮೇಲೆ, ಕೂದಲೊಳಗೆ, ಮೂಳೆ ತಗ್ಗಾದ ಜಾಗದಲ್ಲಿ ಇಟ್ಟೆ. "ಪ್ಲೇಯರ್ ಪೆಟ್ಟಿಗೆ ಮೂಲೆ ಇಲ್ಲಿಗೆ ಬಡೀತು. ಅಪ್ಪ ನೂಕಿದ ರಭಸಕ್ಕೆ. ಸೂಜಿ ಜಾರಿ ಗೀರು ಬಿತ್ತು. ರಕ್ತ ಇಳೀತಿದ್ರೆ ಅವರು ಮೊದ್ಲು ನೋಡಿದ್ದು ರೆಕಾರ್ಡನ್ನ. 'ಹಾಳ್ ಮಾಡ್ದೆಲ್ಲೇ' ಅಂದ್ರು."

ಆಮೇಲೆ ಎಲ್ಲ ಹೇಳಿದೆ. ಥ್ಯಾಂಕ್ ಯೂ, ಬೆಲ್ಟು, ಸೋಮವಾರ, ಎರಡು ಸೆಕೆಂಡಿನ ಖಾಲಿ. ಹಿಂದೆ ನಾದಸ್ವರ ಓಡುತ್ತಲೇ ಇತ್ತು. ಅವಳ ಮುಖ ಬಿಳಿಚಿಕೊಳ್ಳುತ್ತಾ ಹೋಯಿತು, ಆಮೇಲೆ ಕೆಂಪಾಯಿತು.

"ಸುಮ್ನಿರಮ್ಮಾ! ಸತ್ತೋರ ಮೇಲೆ ಯಾಕಮ್ಮಾ ಹಿಂಗೆಲ್ಲ? ಅಪ್ಪ ನನ್ನ ಮೇಲೆ ಒಂದಿನ ಕೈ ಎತ್ತಿಲ್ಲ."

"ಎತ್ತಿದ್ರು. ಒಂದೇ ಒಂದ್ ಸಲ."

ಅದನ್ನೂ ಹೇಳಿದೆ. ಆಗ ಅವಳಿಗೆ ಆರು ವರ್ಷ. ಆಟವಾಡುತ್ತಾ ರೇಷ್ಮೆ ನೂಲಿನ ಬುಟ್ಟಿಯನ್ನು ಬಚ್ಚಲ ನೀರಿಗೆ ಕೆಡವಿದ್ದಳು. ಸೋಮವಾರ. ಅವರು ಅವಳ ಪುಟ್ಟ ಜಡೆ ಹಿಡಿದು ಹಾಲಿಗೆ ಎಳೆದುಕೊಂಡು ಹೋಗಿ, ನನ್ನನ್ನು ಹೊರಗೆ ತಳ್ಳಿ, ಚಿಲಕ ಹಾಕಿದರು. ಡೋಲು ಶುರುವಾಯಿತು. ನಾನು ಬಾಗಿಲು ಬಡಿದೆ. ಜಗಲಿಯಲ್ಲಿದ್ದ ಅತ್ತೆ ತಲೆ ಎತ್ತದೆ ಅವರೆಕಾಯಿ ಬಿಡಿಸುತ್ತಾ ಹೇಳಿದರು, "ಸುಮ್ನಿರೇ, ಒಂದ್ ಸೈಡ್ ಮುಗೀಲಿ."

ಆ ಮಾತು ಕೇಳದೇ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಶೆಡ್ಡಿಗೆ ಓಡಿದೆ. ಮಗ್ಗದಲ್ಲಿ ಲಾಳಿಯನ್ನು ಬಡಿದು ಅತ್ತಿತ್ತ ಓಡಿಸುವ ಒಂದು ಮರದ ಕೋಲಿರುತ್ತದೆ, ಮೊಳದುದ್ದ, ಕಲ್ಲಿನಷ್ಟು ಗಟ್ಟಿ. ಬಿಡಿ ಕೋಲು ಮೂಲೆಯಲ್ಲಿತ್ತು. ಅಡುಗೆಮನೆ ಬಾಗಿಲಿಂದ ಹಾಲಿಗೆ ನುಗ್ಗಿದೆ. ಮಗಳು ಗೋಡೆಗೆ ಅಂಟಿಕೊಂಡಿದ್ದಳು, ಮೂಗಿಂದ ರಕ್ತ. ಮೊದಲನೇ ಏಟು ಪ್ಲೇಯರ್‌ಗೆ. ಮುಚ್ಚಳ ಎರಡು ಹೋಳಾಯಿತು, ಸೂಜಿಯ ತೋಳು ಮುರಿದು ನೇತಾಡಿತು. ಎರಡನೇ ಏಟಿಗೆ ಕೋಲು ಎತ್ತಿದಾಗ ಅವರು ನನ್ನನ್ನು ತಡೆಯಲಿಲ್ಲ, ಮಗಳನ್ನು ನೋಡಲಿಲ್ಲ. ರೆಕಾರ್ಡ್ ಉಳಿಸಿಕೊಳ್ಳೋಕೆ ಕೈ ಚಾಚಿದರು. ನಾನು ನೋಡಿದೆ. ಕೈ ಅಡ್ಡ ಬಂತು ಅಂತ ನೋಡಿ, ಗೊತ್ತಿದ್ದೂ ಗೊತ್ತಿದ್ದೂ, ಇದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ. ಮೂಳೆ ಮುರಿಯುವ ಸದ್ದು ಮೆಲ್ಲಗಿರುತ್ತದೆ, ಹಸೀ ಕಬ್ಬು ಮುರಿದ ಹಾಗೆ. ಎರಡು ಬೆರಳು. ಮೂರನೇ ಏಟಿಗೂ ಎತ್ತಿದ್ದೆ, ಈ ಸಲ ತಲೆಗೆ. ಮಗಳು ಅಮ್ಮಾ ಅಂದಳು. ಇಲ್ಲದಿದ್ದರೆ ಈ ಬರಹ ಜೈಲಿನಿಂದ ಬರುತ್ತಿತ್ತು.

ಆಮೇಲೆ ಅವರು ನನ್ನನ್ನು ಮುಟ್ಟಲೇ ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮಗ್ಗ ಓಡುವ ದಿನಗಳು ಇದ್ದೇ ಇದ್ದವು. ಮಗಳನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ತಾಲ್ಲೂಕಿನಲ್ಲೇ ಅಂಥ ಅಪ್ಪ ಇಲ್ಲ ಅನ್ನೋ ಹಾಗೆ ಸಾಕಿದರು, ಅದನ್ನೂ ಹೇಳಬೇಕು.

ಮಗಳು ಮೆಲ್ಲಗೆ ಅಂದಳು, "ನಂಗೆ ಒಂದೇ ನೆನಪಿರೋದು. ಹಾಡು ಅರ್ಧಕ್ಕೆ ನಿಂತ್ಹೋಯ್ತು. ಕರೆಂಟ್ ಹೋಯ್ತು ಅಂದ್ಕೊಂಡೆ."

"ಕರೆಂಟ್ ಹೋಗಿರ್ಲಿಲ್ಲ ಮಗಳೇ."

ಕೃತಿ ಮುಗಿದಿತ್ತು. ಟಕ್, ಟಕ್. ಅವಳು ಎದ್ದು ಸೂಜಿ ಎತ್ತಿ, ರೆಕಾರ್ಡನ್ನು ತಿರುಗಿಸೋಕೆ ಎರಡು ಅಂಗೈ ನಡುವೆ ಅಂಚಲ್ಲಿ ಹಿಡಿದಳು, ಹೂವಿನ ಹಾಗೆ, ಥೇಟ್ ಅವರ ಹಾಗೆ. ನನ್ನ ಭುಜ ಅದುರಿತು. ಅವಳು ನೋಡಿಬಿಟ್ಟಳು. ರೆಕಾರ್ಡನ್ನು ನನ್ನ ಮಡಿಲಲ್ಲಿ ಇಟ್ಟಳು.

"ನೀನೇ ಹಾಕ್ಕೊ" ಅಂದವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನೇ ಹಾಕಿದೆ, ಕಪ್ಪು ಬದಿ. ಐವತ್ತು ವರ್ಷ ಮನೆಯಲ್ಲೇ ಇದ್ದು ಕೇಳದ ಬದಿ. ವಾಲ್ಯೂಮ್ ಸ್ವಲ್ಪ ಜಾಸ್ತಿಯೇ ಇತ್ತು. ಅದರಲ್ಲಿ ಮೂರು ಸಣ್ಣ ಕೃತಿಗಳಿವೆ. ಮೊದಲನೆಯದು ತುಂಬ ನಿಧಾನ, ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಯಾರೋ ನೀರು ಸೇದುತ್ತಿರುವ ಹಾಗೆ. ನನಗೆ ಇಷ್ಟವಾಯಿತು. ತಂದೆ ಇದನ್ನೇ ಕೇಳಿ ಕೊಂಡಿರಬೇಕು ಅನ್ನಿಸಿತು. ಅದು ಮುಗಿಯಿತು. ಎರಡು ಸೆಕೆಂಡ್ ಖಾಲಿ. ಆ ಎರಡು ಸೆಕೆಂಡಿನಲ್ಲಿ ಅಡುಗೆಮನೆ ಬಾಗಿಲ ಹಿಂದಿನಿಂದ ನನ್ನ ಮಗಳು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಎರಡನೇ ಕೃತಿ ಶುರುವಾಗಿ ಅದನ್ನು ಮುಚ್ಚಿತು. ನಾನು ಎದ್ದು ಹೋಗಿ ಸೂಜಿ ಎತ್ತಿದೆ. ನಮ್ಮ ಮನೆಯಲ್ಲಿ ಸಂಗೀತದ ಕೆಳಗೆ ಅತ್ತದ್ದು ಸಾಕಾಗಿತ್ತು.

ಆಮೇಲೆ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕರೆದಳು, ಮಾತ್ರೆ ಕೊಟ್ಟಳು, ಅಷ್ಟೆ. ಎಂಗೇಜ್ಮೆಂಟ್ ಬಂತು. ಶೆಡ್ ಇದ್ದ ಜಾಗದಲ್ಲಿ ಶಾಮಿಯಾನ, ಹಾಲಿನಲ್ಲಿ ಹಸೆ, ಗಂಡಿನ ಕಡೆಯವರು ತೂಬಗೆರೆಯಿಂದ ಎರಡು ಬಸ್ಸು ತುಂಬ. ಬಾಡಿಗೆ ಸ್ಪೀಕರ್‌ನಲ್ಲಿ ಯಾವುದೋ ಮಂಗಳವಾದ್ಯ ಸಣ್ಣಗೆ ಬರುತ್ತಿತ್ತು. ಮೊಮ್ಮಗಳು ಹಸೆಮಣೆ ಮೇಲಿಂದಲೇ ಕತ್ತು ತಿರುಗಿಸಿ ಕೇಳಿದಳು.

"ಅಮ್ಮಾ, ತಾತನ ರೆಕಾರ್ಡ್ ಎಲ್ಲಿ? ಪ್ರಾಮಿಸ್ ಮಾಡಿದ್ದೆ!"

ಮಗಳ ಕೈಯಲ್ಲಿ ಚಿರೋಟಿ ತಟ್ಟೆ ಇತ್ತು. ಒಂದು ಕ್ಷಣ ನನ್ನನ್ನು ನೋಡಿದಳು. "ಸೂಜಿ ಕೆಟ್ಟೋಯ್ತು ಚಿನ್ನಾ. ಈಗ ಸಿಗಲ್ವಂತೆ" ಅಂದಳು.

ನನಗೆ ಸಾಹೇಬರ ಜೇಬು ನೆನಪಾಯಿತು. ಮಗಳ ಮೇಲೆ ಕೋಪ ಬರಲಿಲ್ಲ. ಅವಳ ಪಾಲಿಗೆ ಆರನೇ ವಯಸ್ಸಿನ ಆ ದಿನ ಇನ್ನೂ ಕರೆಂಟ್ ಹೋಗಿಯೇ ಇರಬೇಕಿತ್ತೇನೋ. ಆದರೆ ಹಸೆಮಣೆ ಮೇಲೆ ಕೂತಿರುವವಳು ಬೇರೆ. ಅವಳು ನಾಳೆ ಇನ್ನೊಂದು ಮನೆಗೆ ಹೋಗಿ ಚಿಲಕ ಹಾಕುವ ಸದ್ದು ಕೇಳಬೇಕಾದವಳು.

ಕೋಲು ಊರಿಕೊಂಡು ಹಸೆ ಹತ್ತಿರ ಹೋದೆ. ಗಂಡಿನ ಕಡೆಯವರು ಅಜ್ಜಿ ಆಶೀರ್ವಾದ ಮಾಡೋಕೆ ಬಂದರು ಅಂತ ದಾರಿ ಬಿಟ್ಟರು.

"ಸೂಜಿ ಚೆನ್ನಾಗೇ ಇದೆ ಪುಟ್ಟಾ" ಅಂದೆ. "ಅದು ತಾತನ ರೆಕಾರ್ಡ್ ಅಲ್ಲ, ನಂದು. ಸೋಮವಾರ ಬಾ. ಇಬ್ರೇ ಕೂತ್ಕೊಂಡು ಕೇಳೋಣ, ಎರಡೂ ಸೈಡು."

ಮಗಳು ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ತಟ್ಟೆ ಕೆಳಗಿಟ್ಟು, ಎಂಟು ದಿನದಲ್ಲಿ ಮೊದಲನೇ ಸಲ, ನನ್ನ ಪಕ್ಕಕ್ಕೆ ಬಂದು ನಿಂತು, "ಮೂವರು" ಅಂದಳು.